ಹಗೇವಿನೊಳಗಿನ ಬೆಳಕು

ನನಗೆ ಹಳೆಯ ಮನೆಗಳೆಂದರೆ ಮೊದಲಿನಿಂದಲೂ ಹೆದರಿಕೆ. ಇದನ್ನು ಹೇಳಿದರೆ ಜನ ದೆವ್ವದ ಮಾತು ಅಂದುಕೊಂಡು ನಗುತ್ತಾರೆ. ದೆವ್ವದ ಮಾತಲ್ಲ. ಮಣ್ಣಿನ ಮಾಳಿಗೆ ಯಾವಾಗ ಕುಸಿದೀತು, ಗೋಡೆಯೊಳಗಿನ ಕತ್ತಲ ಮೆಟ್ಟಿಲಲ್ಲಿ ಯಾವ ಕಲ್ಲು ಅಲ್ಲಾಡೀತು, ಜಂತಿಯ ಸಂದಿಯಿಂದ ಏನು ಮೈಮೇಲೆ ಬಿದ್ದೀತು ಎಂಬ ಹೆದರಿಕೆ. ಚೇಳು ಬೀಳುತ್ತದೆ, ನಾನೇ ಕಂಡಿದ್ದೇನೆ. ಇಂಥ ನನಗೆ ಗಂಟುಬಿದ್ದವರು ಹಳೆಯ ಮನೆ ಕಂಡರೆ ಊಟ ಮರೆಯುವ ಮನುಷ್ಯ.

ನಾವಿಬ್ಬರೂ ಸಿಂದಗಿಯಲ್ಲಿ ಮಾಸ್ತರಿಕೆ ಮಾಡುವವರು. ನಾನು ಕನ್ನಡ ಶಾಲೆಯ ಸಣ್ಣ ಮಕ್ಕಳಿಗೆ ಕಲಿಸುತ್ತೇನೆ. ನಮ್ಮವರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರು. ಹೆಣ್ಣುಮಕ್ಕಳಿಬ್ಬರೂ ವಿಜಯಪುರದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾರೆ. ಮಕ್ಕಳು ಮನೆಯಲ್ಲಿದ್ದಾಗ ಭಾನುವಾರ ಅವರ ಅಭ್ಯಾಸ, ಅವರ ಜ್ವರ, ಅವರ ಜಗಳದಲ್ಲಿ ಮುಗಿಯುತ್ತಿತ್ತು. ಅವರು ಹಾಸ್ಟೆಲಿಗೆ ಹೋದಮೇಲೆ ನಮ್ಮವರನ್ನು ಹಿಡಿಯುವವರೇ ಇಲ್ಲದಂತಾಯಿತು. ನಮ್ಮ ಸುತ್ತಲಿನ ತಾಲೂಕುಗಳಲ್ಲಿ ನಿಂತಿರುವ ಗೌಡರ ಹಳೆಯ ವಾಡೆ, ಊರ ಅಗಸಿಬಾಗಿಲು, ಬಾವಿ, ಗುಡಿ ಎಲ್ಲವನ್ನೂ ಬಿದ್ದುಹೋಗುವುದರೊಳಗೆ ನೋಡಿ ಬರೆದಿಡಬೇಕು ಎಂಬ ಹುಚ್ಚು ಅವರಿಗೆ ಹಿಡಿಯಿತು. ಬಿದ್ದುಹೋಗುವುದರೊಳಗೆ! ಈ ಮಾತು ಕೇಳಿಯೂ ಅವುಗಳ ಕೆಳಗೆ ಹೋಗಿ ನಿಲ್ಲು ಎಂದರೆ ಯಾರಿಗೆ ತಾನೇ ಧೈರ್ಯ ಬಂದೀತು?

ಭಾನುವಾರ ನಾನು ತಲೆಗೆ ನೀರು ಹಾಕಿಕೊಂಡು ಬರುವಷ್ಟರಲ್ಲಿ ಗಾಡಿ ಬಾಗಿಲ ಮುಂದೆ ನಿಂತಿರುತ್ತಿತ್ತು. ರೊಟ್ಟಿ, ಶೇಂಗಾ ಹಿಂಡಿ, ಮೊಸರು ಕಟ್ಟಿಕೊಂಡು ಹಿಂದೆ ಹತ್ತುವುದು ನನ್ನ ಪಾಲಿಗೆ. ಒಬ್ಬರನ್ನೇ ಕಳಿಸಿ ಮನೆಯಲ್ಲಿ ಕೂತು ಹೆದರುವುದಕ್ಕಿಂತ ಜೊತೆಗೆ ಹೋಗಿ ಹೆದರುವುದು ಮೇಲು ಅನ್ನಿಸಿತ್ತು. ಇಂಡಿ ಕಡೆಯ ಒಂದು ಹಳ್ಳಿಯಲ್ಲಿ ಊರ ಕಾವಲಿಗೆಂದು ಹಿಂದೆ ಕಟ್ಟಿದ ಹುಡೇವು ಇನ್ನೂ ನಿಂತಿದೆ. ಕಲ್ಲು ಮಣ್ಣಿನ ದುಂಡನೆಯ ಎತ್ತರದ ಗೋಪುರ, ಅರ್ಧ ಮೆಟ್ಟಿಲು ಉದುರಿಹೋಗಿವೆ. ನಮ್ಮವರು ಅದರ ತುದಿಗೆ ಹತ್ತಿ ನಿಂತು, “ಬಾ, ಇಲ್ಲಿಂದ ಹೊಳಿ ಕಾಣಸ್ತೈತಿ” ಎಂದು ಕೂಗಿದರು.

“ಹೊಳಿ ನಾ ಬಸ್ಸಿನ್ಯಾಗ ಕುಂತು ನೋಡೇನಿ. ಸುಮ್ನ ಇಳೀರಿ” ಎಂದು ನಾನು ಕೆಳಗಿನಿಂದ ಕೂಗಿದೆ. ಊರವರು ಕಟ್ಟೆಯ ಮೇಲೆ ಕೂತು ನಕ್ಕರು.

ಚಡಚಣದಲ್ಲಿ ಒಬ್ಬ ವ್ಯಾಪಾರಸ್ಥರ ಹಳೆಯ ಮನೆ. ಒಂದು ಮಾತು ಕನ್ನಡದಲ್ಲಿ, ಇನ್ನೊಂದು ಮರಾಠಿಯಲ್ಲಿ ಆಡುತ್ತಾ ನಮ್ಮನ್ನು ಮೇಲಿನ ಅಟ್ಟಕ್ಕೆ ಕರೆದೊಯ್ದರು, ತಾಟಿನ ತುಂಬ ದ್ರಾಕ್ಷಿ ತಂದಿಟ್ಟರು. ಕಿಟಕಿಯ ಕಟ್ಟಿಗೆಯ ಕೆತ್ತನೆ ನೋಡಬೇಕಾದದ್ದೇ, ಸುಳ್ಳು ಹೇಳಲಾರೆ. ಆದರೆ ನಾನು ಒಂದು ಹಣ್ಣೂ ತಿನ್ನದೆ ಕಾಲ ಕೆಳಗೆ ಕಿರುಗುಟ್ಟುವ ಹಲಗೆಗಳನ್ನೇ ನೋಡುತ್ತಾ ಕೂತಿದ್ದೆ. ಆಲಮೇಲದ ಹತ್ತಿರ ಒಂದು ವಾಡೆಯಲ್ಲಿ ಗೋಡೆಯೊಳಗೇ ಮೆಟ್ಟಿಲು. ಗೋಡೆ ಅಷ್ಟು ದಪ್ಪ. ಆ ಕತ್ತಲಲ್ಲಿ ಬಾವಲಿಯೊಂದು ಕಿವಿಯ ಪಕ್ಕದಲ್ಲಿ ಹಾರಿದ್ದಕ್ಕೆ ನಾನು ಕಿರುಚಿದ್ದು ಬಾಗೇವಾಡಿಯವರೆಗೂ ಕೇಳಿಸಿರಬೇಕು ಎಂದು ನಮ್ಮವರು ಬಹಳ ದಿನ ಕಾಡಿಸಿದರು. ಬಾಗೇವಾಡಿಯ ಗುಡಿ ಮಾತ್ರ ನನಗೆ ಹಿಡಿಸಿತು. ಅಲ್ಲಿ ಕಲ್ಲು ಗಟ್ಟಿ, ಜನ ಬಹಳ, ತಲೆಯ ಮೇಲೇನೂ ಅಲ್ಲಾಡುವುದಿಲ್ಲ.

ನಮ್ಮವರಿಗೆ ಮಾತ್ರ ಯಾವುದಕ್ಕೂ ಹೆದರಿಕೆಯಿಲ್ಲ. “ನಿಂತಷ್ಟು ವರ್ಷ ನಿಂತಾವು, ಇವತ್ತ ನೀ ಬಂದೀ ಅಂತ ಬೀಳ್ತಾವೇನು?” ಎನ್ನುತ್ತಿದ್ದರು. ಹೊರಗಿನವರು ಗೋಳಗುಮ್ಮಟ ನೋಡಿ ಫೋಟೋ ತೆಗೆಸಿಕೊಂಡು ಹೋಗುತ್ತಾರೆ, ಇಲ್ಲಿ ರೊಟ್ಟಿ ಬಡಿಯುವ ಮನೆಗಳೇ ಗುಮ್ಮಟದಷ್ಟು ನೋಡುವ ಹಾಗಿವೆ ಎಂಬುದು ಅವರ ವಾದ. ಅದು ಸುಳ್ಳೇನಲ್ಲ. ಬೇಸಿಗೆಯಲ್ಲಿ ಹೊರಗೆ ಬೆಂಕಿ ಸುರಿಯುವಾಗ ಅಂಥ ಮನೆಯ ಪಡಸಾಲೆಗೆ ಕಾಲಿಟ್ಟರೆ ಮಡಕೆಯ ನೀರು ಕುಡಿದಷ್ಟು ತಂಪು. ಆ ತಂಪಿನಲ್ಲೂ ನನ್ನ ಕಣ್ಣು ಮಾತ್ರ ತೊಲೆಯ ಮೇಲೆಯೇ.

ಈ ಮಳೆಗಾಲ ಮುಗಿದ ಮೇಲೆ ತಂಗಡಗಿಯ ಹತ್ತಿರ, ಕೃಷ್ಣಾ ನದಿಯ ಕಡೆ ಒಂದು ಹಳ್ಳಿಗೆ ಹೋದೆವು. ಮುದ್ದೇಬಿಹಾಳದ ಮಾಸ್ತರರೊಬ್ಬರು ಅಲ್ಲಿಯ ವಾಡೆಯ ಸುದ್ದಿ ಹೇಳಿದ್ದರು. ಎತ್ತಿನ ಗಾಡಿ ಸಲೀಸಾಗಿ ಒಳಗೆ ಹೋಗುವ ದೊಡ್ಡ ಬಾಗಿಲು, ಕಬ್ಬಿಣದ ಮೊಳೆ ಬಡಿದ ಕದ, ಒಳಗೆ ಅಂಗಳ, ಸುತ್ತಲೂ ಪಡಸಾಲೆ. ಕಂಬಗಳು ನಾನು ತಬ್ಬಿದರೂ ಕೈಗೆ ಕೈ ಸೇರದಷ್ಟು ದಪ್ಪ. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲು ದುಂಡಗೆ ನೆಲಕ್ಕೆ ಬಿದ್ದಿತ್ತು. ಹಾಳು ಮನೆಯಲ್ಲ ಅದು. ಒಂದು ಕಡೆ ಸೋಯಾಬೀನಿನ ಚೀಲ, ಇನ್ನೊಂದು ಕಡೆ ಹೊಸ ಫ್ರಿಜ್ಜು, ಮೇವಿನ ಗೋದಲಿಯ ಮುಂದೆ ಎಮ್ಮೆ. ಜೀವ ತುಂಬಿದ ಮನೆ ಕಂಡು ನನಗೂ ಸ್ವಲ್ಪ ಸಮಾಧಾನವಾಯಿತು.

ಮನೆಯ ಗೌಡ್ತಿಗೆ ಅರವತ್ತರ ಆಚೀಚೆ ವಯಸ್ಸು. ಗಟ್ಟಿ ಮೈ, ಗಟ್ಟಿ ದನಿ. ಮೊದಲು ಚಹಾ, ಆಮೇಲೆ ಮನೆ ಎಂದು ಕೂರಿಸಿದರು. ಗಂಡಸರೆಲ್ಲ ತೊಗರಿ ಹೊಲಕ್ಕೆ ಔಷಧ ಹೊಡೆಯಲು ಹೋಗಿದ್ದರು. ಮನೆಯಲ್ಲಿ ಗೌಡ್ತಿ ಮತ್ತು ಸೊಸೆ ಇಬ್ಬರೇ. ನಮ್ಮವರು ಚಹಾ ಕುಡಿಯುತ್ತಲೇ ಕಂಬ, ಕಂಬದ ತಲೆಯ ಬೋದಿಗೆ ಬರೆಯತೊಡಗಿದ್ದರು. ಅಷ್ಟರಲ್ಲಿ ಪಡಸಾಲೆಯ ಮೂಲೆಯಲ್ಲಿ ಸರಿಸಿಟ್ಟ ಹಾಸುಗಲ್ಲು ಅವರ ಕಣ್ಣಿಗೆ ಬಿತ್ತು.

“ಇದೇನ್ರಿ ಗೌಡ್ತಿಯವರ, ಹಗೇವು?”

“ಹೌದ್ರಿ ಮಾಸ್ತರ. ನೀವು ಬರ್ತೀರಂತ ಮುಂಜಾನಿ ನಮ್ಮ ಹುಡುಗ್ರು ಕಲ್ಲು ತಗದು ಹೋಗ್ಯಾರ. ನಾಕ ವರ್ಷ ಆತು ಬಾಯಿ ತಗದು. ಈಗ ಜೋಳಾ ಯಾರು ಇಡ್ತಾರ, ಎಲ್ಲಾ ಚೀಲಕ್ಕ ತುಂಬಿ ಬಜಾರಕ್ಕ ಹೊಕ್ಕಾವು.”

ನೆಲದೊಳಗೆ ಬಾವಿಯಂತೆ ತೋಡಿ, ಕಲ್ಲು ಕಟ್ಟಿ, ಜೋಳ ತುಂಬಿ ಬಾಯಿ ಮುಚ್ಚಿಡುವ ಕಣಜವೇ ಹಗೇವು. ಬಾಯಿ ಸಣ್ಣದು, ಒಬ್ಬ ಮನುಷ್ಯ ಮೈ ಬಿಗಿಹಿಡಿದು ಇಳಿಯುವಷ್ಟು. ಒಳಗೆ ಹೋದಂತೆ ಅಗಲ. ಗಾಳಿಯಾಡದ ಕಾರಣ ಕಾಳು ವರ್ಷಗಟ್ಟಲೆ ಕೆಡುವುದಿಲ್ಲ. ಗಾಳಿಯಾಡದಿರುವುದೇ ಅದರ ಕೇಡೂ ಹೌದು. ತಳದಲ್ಲಿ ಉಳಿದ ಕಾಳು, ಹಾಸಿದ ಕಣಕಿ ಎಂಬ ಜೋಳದ ದಂಟು ಕೊಳೆತು ಕೆಟ್ಟ ಗಾಳಿ ಕಟ್ಟಿಕೊಂಡಿರುತ್ತದೆ. ಅದಕ್ಕೆ ನಮ್ಮ ಕಡೆ ಝಳ ಎನ್ನುತ್ತಾರೆ. ಬಾಯಿ ತೆಗೆದ ಕೂಡಲೇ ಯಾರೂ ಇಳಿಯುವುದಿಲ್ಲ. ಬಹಳ ಹೊತ್ತು ತೆರೆದಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಒಳಗೆ ಬಿಡುತ್ತಾರೆ. ದೀಪ ಆರದಿದ್ದರೆ ಇಳಿಯಬಹುದು. ಇದು ಈ ಸೀಮೆಯಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತಿರುವ ರೀತಿ. ನನಗೂ ಗೊತ್ತಿತ್ತು.

ನಮ್ಮವರು ಇಳಿದು ನೋಡುತ್ತೇನೆಂದು ಹಟ ಹಿಡಿದರು. ವಾಡೆಗಳ ಮೇಲ್ಭಾಗ ಎಲ್ಲರೂ ಬರೆಯುತ್ತಾರೆ, ಒಳಗಿನ ಕಟ್ಟೋಣ ಯಾರು ಬರೆದಿದ್ದಾರೆ ಎಂದರು. ನಾನು ಬೇಡವೆಂದೆ. ಗದರಿದೆ. ಗೌಡ್ತಿಯ ಎದುರೇ ಸಿಟ್ಟು ಮಾಡಿದೆ. 

“ಇಳೀಲಿ ಬಿಡ್ರಿ ಅಕ್ಕೋರ, ಮುಂಜಾನಿಂದ ಬಾಯಿ ತಗದೈತಿ. ದೀಪಾ ಬಿಟ್ಟು ನೋಡಿದ್ರಾತು” ಎಂದು ಗೌಡ್ತಿ ಸಮಾಧಾನ ಹೇಳಿ, ಸೊಸೆಗೆ ಕಂದೀಲು ತರಲು ಹೇಳಿದರು. ಸೊಸೆ ಗೂಡಿನಿಂದ ಕಂದೀಲು ತಂದಳು. ಗಾಜು ಒಡೆದಿತ್ತು, ಒಳಗೆ ಎಣ್ಣೆ ಒಣಗಿ ಎಷ್ಟು ವರ್ಷವಾಗಿತ್ತೋ. ಸೀಮೆಎಣ್ಣೆ ಈಗ ಯಾರ ಮನೆಯಲ್ಲೂ ಇಲ್ಲ.

“ಇದಕ್ಯಾಕ ಇಷ್ಟು ತ್ರಾಸು?” ಎಂದರು ನಮ್ಮವರು. ತಮ್ಮ ಮೊಬೈಲಿನ ಟಾರ್ಚು ಹಚ್ಚಿ, ಒಂದು ಬಕೆಟ್ಟಿನಲ್ಲಿ ಬೆಳಕು ಮೇಲೆ ಮಾಡಿ ಇಟ್ಟು, ಹಗ್ಗ ಕಟ್ಟಿ ಹಗೇವಿನೊಳಗೆ ಇಳಿಬಿಟ್ಟರು. ನಾಲ್ವರೂ ಬಾಯಿಯ ಸುತ್ತ ಬಗ್ಗಿ ನೋಡಿದೆವು. ಬಕೆಟ್ಟು ತಳ ಮುಟ್ಟಿತು. ಬೆಳಕು ಹಾಲಿನಂತೆ ಬಿಳಿ. ಸ್ವಲ್ಪವೂ ಮಂಕಾಗಲಿಲ್ಲ. ದುಂಡನೆಯ ಗೋಡೆ, ತಳದ ಕಪ್ಪು ಕಣಕಿ ಎಲ್ಲಾ ನಿಚ್ಚಳವಾಗಿ ಕಂಡವು.

“ಆರಲಿಲ್ಲ ನೋಡ್ರಿ. ಚಲೋ ಆತು” ಎಂದರು ಗೌಡ್ತಿ. ಸೊಸೆಯೂ ತಲೆಯಾಡಿಸಿದಳು. ನನಗೂ ಎದೆಯ ಭಾರ ಇಳಿದಂತಾಯಿತು. ಬೆಂಕಿಗೆ ಗಾಳಿ ಬೇಕು, ಮೊಬೈಲಿಗೆ ಬೇಡ ಎಂಬುದು ನನ್ನ ಶಾಲೆಯ ಮೂರನೆಯ ಇಯತ್ತೆಯ ಮಕ್ಕಳಿಗೂ ತಿಳಿಯುವ ಮಾತು. ಮೇಣಬತ್ತಿಯ ಮೇಲೆ ಗಾಜಿನ ಲೋಟ ಬೋರಲು ಹಾಕಿ ನಾನೇ ಪ್ರತಿವರ್ಷ ತೋರಿಸುತ್ತೇನೆ. ಆದರೂ ಅಲ್ಲಿದ್ದ ನಾಲ್ವರಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ. ದೀಪ ಬಿಟ್ಟು ನೋಡಬೇಕು, ಬಿಟ್ಟೆವು. ಆರಬಾರದು, ಆರಲಿಲ್ಲ.

ಗೌಡ್ತಿ ಮಾತ್ರ ಹಗ್ಗವಿಲ್ಲದೆ ಇಳಿಸಲಿಲ್ಲ. ನಮ್ಮವರು ಸೊಂಟಕ್ಕೆ ಸುತ್ತಿಕೊಳ್ಳಲು ಹೋದರೆ ಕಸಿದುಕೊಂಡು, “ಸೊಂಟಕ್ಕ ಬ್ಯಾಡ್ರಿ, ಎಳದಾಗ ಮೈ ಮಡಚಿಕೋತೈತಿ” ಎಂದು ಎರಡೂ ಕಂಕುಳ ಕೆಳಗೆ ತಾವೇ ಬಿಗಿದರು. ಇನ್ನೊಂದು ತುದಿಯನ್ನು ಕಂಬಕ್ಕೆ ಸುತ್ತಿದರು. “ಒಳಗ ಇರೂತನಾ ಮಾತಾಡಕೋತ ಇರ್ರಿ. ಬಾಯಿ ಮುಚ್ಚಬ್ಯಾಡ್ರಿ” ಎಂದರು.

“ಅದನ್ನ ಅವರಿಗೆ ಹೇಳೂದ ಬ್ಯಾಡ್ರಿ” ಎಂದೆ ನಾನು. ಎಲ್ಲರೂ ನಕ್ಕೆವು. ಸೊಸೆ ಗೋಡೆಗೆ ಒರಗಿಸಿಟ್ಟ ಏಣಿಯನ್ನು ತಂದು ಒಳಗೆ ಇಳಿಬಿಟ್ಟಳು, ಅವರು ನಗುತ್ತಲೇ ಇಳಿದರು.

ಮೊದಮೊದಲು ಅವರ ದನಿ ಗುಡಿಯ ಗರ್ಭಗುಡಿಯೊಳಗಿಂದ ಬಂದಂತೆ ಮೊಳಗುತ್ತಿತ್ತು. “ಏನ ನುಣ್ಣಗ ಐತಿ ನೋಡು ಗೋಡಿ! ಸಂದಿಗೆಲ್ಲಾ ಗಾರಿ ತುಂಬ್ಯಾರ. ಒಂದು ಕಲ್ಲೂ ಜರಗಿಲ್ಲ.” ನಾನು ಹೂಂ ಎಂದೆ. “ತಳಕ್ಕ ಕಣಕಿ ಹಾಸ್ಯಾರ. ಕೊಳತೈತಿ. ಹಸೀ ಐತಿ, ಮಳೀ ನೀರು ಬಸದಿರಬೇಕು.” ಹೂಂ ಎಂದೆ. “ಬಿಸಿ ಹತ್ತೈತಿ ಇಲ್ಲಿ” ಎಂದರು. ಆಮೇಲೆ, “ತಲಿ...” ಎಂದರು. ಅಷ್ಟೇ.

ನಾನು ಮುಂದಿನ ಮಾತಿಗೆ ಕಾದೆ. “ರೀ” ಎಂದೆ. “ರೀ, ಮಾತಾಡ್ರಿ.” ಎಮ್ಮೆ ಮೇವು ಜಗಿಯುವುದೊಂದೇ ಕೇಳಿಸುತ್ತಿತ್ತು. ಬಗ್ಗಿ ನೋಡಿದೆ. ಬಕೆಟ್ಟಿನೊಳಗಿನ ಮೊಬೈಲು ಹಾಗೇ ಬೆಳ್ಳಗೆ ಉರಿಯುತ್ತಿತ್ತು. ಆ ಬೆಳಕಿನಲ್ಲಿ ಅವರು ಗೋಡೆಗೆ ಒರಗಿ ಕುಸಿದಿದ್ದರು, ಕುತ್ತಿಗೆ ಒಂದು ಕಡೆಗೆ ವಾಲಿತ್ತು, ಬಾಯಿ ತೆರೆದಿತ್ತು. ಕತ್ತಲಿದ್ದಿದ್ದರೆ ಅಷ್ಟು ಹೆದರುತ್ತಿರಲಿಲ್ಲವೇನೋ. ಬೆಳಕಿನಲ್ಲಿ ಎಲ್ಲಾ ಕಾಣುತ್ತಿತ್ತು. ಅವರ ಅಂಗಿಯ ಗುಂಡಿ ಕೂಡ ಕಾಣುತ್ತಿತ್ತು.

ಅಲ್ಲಿಯವರೆಗೆ ನಾನು ಹೆದರಿಕೆ ಅಂದುಕೊಂಡಿದ್ದದ್ದು ಹೆದರಿಕೆಯೇ ಅಲ್ಲ. ಚೇಳು, ಬಾವಲಿ, ಅಲ್ಲಾಡುವ ಹಲಗೆ, ಅವೆಲ್ಲ ಮಾತು. ಕಾಲು ತಾನೇ ಹೊರಟಿತು. ನಾನು ಏಣಿಗೆ ಕಾಲಿಟ್ಟೆ. ಸೀರೆಯ ನಿರಿಗೆ ಮೇಲೆತ್ತಿ ಸಿಕ್ಕಿಸಿದ್ದು ನೆನಪಿದೆ. ಒಂದು ಮೆಟ್ಟಿಲು ಇಳಿದೆ. ಇನ್ನೊಂದಕ್ಕೆ ಕಾಲು ಚಾಚಿದೆ.

ಹಿಂದಿನಿಂದ ನನ್ನ ಜಡೆಗೆ ಕೈ ಬಿತ್ತು. ಗೌಡ್ತಿ ಜಡೆ ಹಿಡಿದು ನನ್ನನ್ನು ಮೇಲೆಳೆದು ನೆಲಕ್ಕೆ ಕೆಡವಿ, ಕೆನ್ನೆಗೆ ಹೊಡೆದರು. ಕಣ್ಣು ಕತ್ತಲಿಡುವಷ್ಟು ಜೋರಾಗಿ ಹೊಡೆದರು.

“ಏ ಹುಚ್ಚಿ! ನೀನೂ ಹೋಗ್ತೀ ಏನ? ಅಂವಾ ಬರ್ತಾನ. ನೀ ಇಳದ್ರ ನೀನೂ ಬರೂದಿಲ್ಲ, ಅಂವಾನೂ ಬರೂದಿಲ್ಲ. ಹಿಡಿ ಹಗ್ಗಾ!”

ಅಲ್ಲಿಯವರೆಗೆ ನನ್ನನ್ನು ಅಕ್ಕೋರೆಂದು ಬಹುವಚನದಲ್ಲಿ ಕರೆಯುತ್ತಿದ್ದ ಹೆಂಗಸು. ಏಣಿಯನ್ನು ಮೇಲೆಳೆದು ಅಂಗಳಕ್ಕೆ ಬಿಸಾಡಿದರು, ಮತ್ತೆ ಯಾರೂ ಇಳಿಯಬಾರದೆಂದು. ಸೊಸೆ ಬಾಗಿಲಿಗೆ ಓಡಿ ಓಣಿ ಕೇಳುವಂತೆ ಕೂಗಿಕೊಂಡು ಬಂದು ಹಗ್ಗಕ್ಕೆ ಕೈ ಹಾಕಿದಳು. ಮೂವರೂ ಎಳೆದೆವು. ಹಗ್ಗ ಅಂಗೈ ಸುಲಿಯಿತು. ಹೆಣಭಾರ ಎನ್ನುತ್ತಾರಲ್ಲ, ಆ ಮಾತು ಮನಸ್ಸಿಗೆ ಬಂದದ್ದೇ ನಾನು ಚೀರಿದೆ. ಒಂದಿಷ್ಟು ಬಂದರೆ ಸೊಸೆ ಅಷ್ಟನ್ನು ಕಂಬಕ್ಕೆ ಸುತ್ತುವಳು, ಜಾರದ ಹಾಗೆ. ಮತ್ತೆ ಎಳೆತ. ಅಷ್ಟರಲ್ಲಿ ಓಣಿಯ ಗಂಡಸರು ನುಗ್ಗಿ ಬಂದರು. ಒಬ್ಬ ಅಂಗಿ ಕಳಚಿ ಇಳಿಯಲು ಹೊರಟ. ಗೌಡ್ತಿ ಹಗೇವಿನ ಬಾಯಿಗೆ ಎರಡೂ ಕಾಲು ಅಗಲಿಸಿ ನಿಂತು, “ಇಳದ್ರ ನನ್ನ ಹೆಣದ ಮ್ಯಾಲ ಇಳೀಬೇಕು. ಹಗ್ಗಾ ಹಿಡೀರಿ” ಎಂದರು.

ಅವರೆಲ್ಲ ಕೈ ಹಾಕಿದ ಮೇಲೆ ದೇಹ ಸರಸರ ಬಂತು. ಬಾಯಿಯ ಹತ್ತಿರ ಹೆಗಲು ಸಿಕ್ಕಿಕೊಂಡಿತು. ಗೌಡ್ತಿ ಬೋರಲಾಗಿ ನೆಲಕ್ಕೆ ಬಿದ್ದು, ತಾವು ಉಸಿರು ಬಿಗಿಹಿಡಿದು, ಅವರ ಒಂದು ಕೈಯನ್ನು ತಲೆಯ ಮೇಲಕ್ಕೆ ಎಳೆದು ಹೆಗಲು ಓರೆ ಮಾಡಿದರು. ನಮ್ಮವರು ಹೊರಗೆ ಬಂದರು. ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಅಂಗಳದ ಗಾಳಿಗೆ ಹೊತ್ತು ಹಾಕಿದೆವು. ಯಾರೋ ಎದೆ ಉಜ್ಜಿದರು, ಯಾರೋ ಟವೆಲಿನಿಂದ ಗಾಳಿ ಹಾಕಿದರು. ನಾನು ಅವರ ಮೂಗಿನ ಹತ್ತಿರ ಬೆರಳು ಹಿಡಿದು ಕೂತೆ. ಏನೂ ತಿಳಿಯಲಿಲ್ಲ.  ಆಗ ಹೊಟ್ಟೆಯ ಆಳದಿಂದ ಎಳೆದುಕೊಂಡಂತೆ ಅವರು ಒಮ್ಮೆ ಉಸಿರೆಳೆದರು. ಗೊರಗೊರ ಸದ್ದಾಯಿತು. ಅಷ್ಟು ಕೆಟ್ಟ ಸದ್ದನ್ನು ನಾನು ಅಷ್ಟು ಆಸೆಯಿಂದ ಎಂದೂ ಕೇಳಿರಲಿಲ್ಲ.

ಓಣಿಯವರ ಬೊಲೆರೊದಲ್ಲಿ ಮುದ್ದೇಬಿಹಾಳದ ಆಸ್ಪತ್ರೆಗೆ ಒಯ್ದೆವು. ದಾರಿಯುದ್ದಕ್ಕೂ ಅವರ ತಲೆ ನನ್ನ ತೊಡೆಯ ಮೇಲೆ. ಉಸಿರು ಒಂದು ಬಂದರೆ ಇನ್ನೊಂದು ಬರುತ್ತದೋ ಇಲ್ಲವೋ ಎಂದು ಪ್ರತಿ ಉಸಿರಿಗೂ ಹೆದರುತ್ತಾ ಹೋದೆ. ಡಾಕ್ಟರು ಆಕ್ಸಿಜನ್ ಹಚ್ಚಿದರು, ಸಲಾಯಿನ್ ಏರಿಸಿದರು. ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು, ಇನ್ನು ಭಯವಿಲ್ಲ ಎಂದರು. ಭಯವಿಲ್ಲ ಎಂದು ಹೇಳಿದಾಗಲೇ ನನಗೆ ಅಳು ಬಂತು.

ಗೌಡ್ತಿ ವಾರ್ಡಿನ ಹೊರಗೆ ಬಾಕಿನ ಮೇಲೆ ಕೂತಿದ್ದರು. ಸೀರೆಯ ಮೇಲೆಲ್ಲ ಮಣ್ಣು. ನಾನು ಪಕ್ಕದಲ್ಲಿ ಕೂತೆ. ಅವರು ನನ್ನ ಕೆನ್ನೆಯನ್ನು ಬೆರಳಿಂದ ಮುಟ್ಟಿ ನೋಡಿದರು.

“ಸಿಟ್ಟಾಗಬ್ಯಾಡ್ರಿ ಅಕ್ಕೋರ. ನಮ್ಮ ತವರಮನ್ಯಾಗ ಹಿಂಗ ಆಗಿತ್ರಿ. ನಮ್ಮ ದೊಡ್ಡಣ್ಣ ಇಳದು ಬಿದ್ದಾ. ಅವನ್ನ ತಗೀತೇನಂತ ನಮ್ಮ ಸಣ್ಣಣ್ಣ ಇಳದಾ. ನಾ ಸಣ್ಣಾಕಿ, ಬಾಜೂಕ ನಿಂತು ನೋಡಿದ್ನಿ.” ಆಮೇಲೆ ತಮಗೆ ತಾವೇ ಹೇಳಿಕೊಂಡಂತೆ, “ಇಷ್ಟು ಕಂಡ ನಾನೂ ಆ ಬೆಳಕು ನೋಡಿ ಹೂಂ ಅಂದ್ನಲ್ಲಾ” ಎಂದರು. ಹಣೆಗೆ ಕೈ ಹಚ್ಚಿಕೊಂಡರು.  ನಾನು ಅವರ ಇನ್ನೊಂದು ಕೈ ಹಿಡಿದುಕೊಂಡು ಕೂತೆ.

ಸಂಜೆಯ ಹೊತ್ತಿಗೆ ನಮ್ಮವರು ಪೂರ್ತಿ ಎಚ್ಚರವಾದರು. ಏನಾಯಿತೆಂದು ಹೇಳಿದೆ. ಸ್ವಭಾವ ಎಲ್ಲಿ ಹೋಗುತ್ತದೆ, “ಗಾರಿ ಮಾತ್ರ ಅಗದೀ ಭಾರೀ ಐತಿ” ಎಂದರು ಕ್ಷೀಣ ದನಿಯಲ್ಲಿ. ಸತ್ತು ಬದುಕಿದ್ದಕ್ಕೂ ಅವರಿಗೆ ಹೆದರಿಕೆಯಾಗಿರಲಿಲ್ಲ. ಆಮೇಲೆ ನನ್ನ ಮುಖ ದಿಟ್ಟಿಸಿ, “ಕೆನ್ನಿಗೆ ಏನಾತು?” ಎಂದು ಕೇಳಿದರು.

“ಗೌಡ್ತಿ ಹೊಡದ್ರು.”

ಅವರಿಗೆ ನಗು ಬಂತು. “ಯಾಕ? ಅವರಿಗೂ ಬೈದೇನು?”

“ಏಣಿಗೆ ಕಾಲಿಟ್ಟಿದ್ನಿ.”

ನಗು ಹಾಗೇ ನಿಂತುಹೋಯಿತು. ಅವರು ನನ್ನನ್ನೇ ನೋಡಿದರು. ಕೈ ನಡುಗತೊಡಗಿತು. ಸಲಾಯಿನ್ ಹಾಕಿದ ಕೈ, ಅದರ ನಳಿಕೆ ನಡುಗಿತು, ಮಂಚದ ಪಕ್ಕದ ಕಬ್ಬಿಣದ ಕೋಲು ಸಣ್ಣಗೆ ಸದ್ದು ಮಾಡಿತು. ನರ್ಸಮ್ಮ ಬಂದು ಚಳಿಯೇ ಎಂದು ಕೇಳಿ ಹೊದಿಕೆ ಹೊದಿಸಿ ಹೋದಳು. ಚಳಿಯಲ್ಲ ಎಂದು ನನಗೆ ಗೊತ್ತಿತ್ತು. ಮದುವೆಯಾದಾಗಿನಿಂದ ಈ ಮನುಷ್ಯ ಹೆದರಿದ್ದನ್ನು ನಾನು ನೋಡಿರಲಿಲ್ಲ.

“ಇಬ್ರೂ ಹೋಗಿದ್ರ ಹುಡುಗ್ಯಾರು...” ಎಂದರು.  ನಾನು ಜಾರಿದ ಹೊದಿಕೆಯನ್ನು ಮತ್ತೆ ಮೇಲೆಳೆದೆ.

ಮರುದಿನ ಮಕ್ಕಳಿಬ್ಬರೂ ಅಳುತ್ತಾ ಬಂದರು. ಅಪ್ಪ ಹಗೇವಿನಲ್ಲಿ ಬಿದ್ದದ್ದು, ಮೊಬೈಲು ಬಿಟ್ಟು ನೋಡಿದ್ದು, ಓಣಿಯೆಲ್ಲ ಸೇರಿ ಎಳೆದದ್ದು ಎಲ್ಲವನ್ನೂ ಅವರಿಗೆ ಹೇಳಿದೆವು. ಈಗ ಅದನ್ನೇ ಹೇಳಿ ಅಪ್ಪನನ್ನು ಕಾಡಿಸುತ್ತಾರೆ, ಅವರೂ ನಗುತ್ತಾರೆ. ನಾನು ಏಣಿಗೆ ಕಾಲಿಟ್ಟದ್ದನ್ನು ಮಾತ್ರ ನಾವಿಬ್ಬರೂ ಇವತ್ತಿನವರೆಗೆ ಮಕ್ಕಳಿಗೆ ಹೇಳಿಲ್ಲ.